ಗೋಡೆಗೇರಬೇಕಿದ್ದ ಪಿಚರ್

ಜರ್ಮನಿಯ ಎಷ್‌ಬಾರ್ನಿನ ಆಫೀಸಿಗೆ ಹೋಗುವ ಎಸ್-ಬಾನ್ ರೈಲಿನಲ್ಲಿ ನಾನೂ ನನ್ನ ಗೆಳೆಯನೂ ದಿನಾ ಜಗಳವಾಡುತ್ತಿದ್ದುದು ಬೇಸ್‌ಬಾಲ್ ಬಗ್ಗೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ನಾನು ಮೈಸೂರಿನವನು, ಅವನು ಉಡುಪಿಯವನು. ಇಬ್ಬರೂ ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಹಿಡಿದು ಬಂದು ಒಂದೇ ಕಂಪನಿ ಸೇರಿದ್ದೆವು. ಅಮೆರಿಕದಲ್ಲಿ ಆಟ ಬಿಟ್ಟ ದೊಡ್ಡ ಆಟಗಾರರನ್ನು ಮತ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿಸುತ್ತಾರೆ. ಯಾವ ಪಿಚರ್, ಅಂದರೆ ಚೆಂಡು ಎಸೆಯುವವನು, ಆ ಗೌರವಕ್ಕೆ ಅರ್ಹ ಎನ್ನುವುದೇ ನಮ್ಮ ಜಗಳ.

"ನಾಲ್ಕೇ ವರ್ಷ ಮಿಂಚಿದ್ರೂ ಎದುರಿದ್ದೋರ ನಿದ್ದೆ ಕೆಡಿಸಿದ್ನಲ್ಲ ಗುರು, ಅವನನ್ನ ಸೇರಿಸದೆ ಇನ್ಯಾರನ್ನ ಸೇರಿಸ್ತಾರೆ?" ಎಂದು ನಾನು.

"ನಾಲ್ಕು ವರ್ಷ ಯಾರು ಬೇಕಾದ್ರೂ ಮಿಂಚ್ತಾರೆ ಮಾರಾಯ. ಭುಜ ನೋಯುವಾಗ್ಲೂ ಇಪ್ಪತ್ತು ವರ್ಷ ಎಸೆದವ ಇದ್ದಾನಲ್ಲ, ಅವ ದೊಡ್ಡವ."

ಉದ್ದೀಪನ ಮದ್ದು ತೆಗೆದುಕೊಂಡು ಆಡಿದರೆಂಬ ಅಪವಾದ ಹೊತ್ತವರನ್ನು ನಾನು ಒಂದೇ ಮಾತಿನಲ್ಲಿ ಹೊರಗಟ್ಟುತ್ತಿದ್ದೆ. ಅವನು ಒಪ್ಪುತ್ತಿರಲಿಲ್ಲ. "ಎಂತ ಸಾಕ್ಷಿ ಉಂಟು? ಸುಮ್ಮನೆ ಒಬ್ಬನನ್ನ ಕಳ್ಳ ಅಂತ ಹೇಳ್ಬಾರ್ದು," ಎನ್ನುವಾಗ ಅವನ ಮುಖ ಕೆಂಪಗಾಗುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಊರಿನ ಟೆನ್ನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟಿನಲ್ಲಿ ಇವನ ಮೊಣಕೈ ಬಗ್ಗುತ್ತದೆ ಎಂದು ಅಂಪೈರ್ ನೋಬಾಲ್ ಕೊಟ್ಟಿದ್ದ. ತಂಡದ ನಾಯಕನಾಗಿದ್ದ ಸ್ವಂತ ಅಣ್ಣನೇ ಎಲ್ಲರೆದುರು, "ನಿಂದು ಬೌಲಿಂಗ್ ಅಲ್ಲ, ಮಾವಿನಕಾಯಿಗೆ ಕಲ್ಲು ಹೊಡಿಲಿಕ್ಕೆ ಹೋಗು," ಎಂದು ಹೊರಗೆ ಕೂರಿಸಿದ್ದನಂತೆ. ಅಂದಿನಿಂದ ಇವನು ಚೆಂಡು ಮುಟ್ಟಿರಲಿಲ್ಲ.

ಇಲ್ಲಿ ನಾವು ಭಾನುವಾರ ಕ್ರಿಕೆಟ್ ಆಡುತ್ತಿದ್ದ ಮೈದಾನದ ಪಕ್ಕದಲ್ಲೇ ಒಂದು ಸಣ್ಣ ಬೇಸ್‌ಬಾಲ್ ಕ್ಲಬ್ ಇತ್ತು. ಅವನು ಸ್ಕೋರ್ ಬರೆಯಲು ಮಾತ್ರ ಬರುತ್ತಿದ್ದ. ಒಮ್ಮೆ ಅವರ ಚೆಂಡು ಬೇಲಿ ದಾಟಿ ನಮ್ಮ ಕಡೆ ಬಂತು. ಇವನು ಎತ್ತಿ ಎಸೆದ. ಅದನ್ನು ಹಿಡಿದ ಅವರ ತರಬೇತುದಾರ ಗ್ಲೌಸ್ ಕಳಚಿ ಅಂಗೈ ಉಜ್ಜಿಕೊಳ್ಳುತ್ತ ನಮ್ಮ ಬೇಲಿಯವರೆಗೆ ನಡೆದು ಬಂದ. ಬಗ್ಗುವ ಮೊಣಕೈ ಈ ಆಟದಲ್ಲಿ ಅಪರಾಧವಲ್ಲ, ಅದೇ ಬಂಡವಾಳ. ಮುಂದಿನ ವಾರದಿಂದ ನನ್ನ ಗೆಳೆಯ ಅಲ್ಲಿ ಪಿಚರ್ ಆದ. ನಾನು ಚಂದಾ ಕಟ್ಟಿ ಬೆಂಚಿನ ಮೇಲೆ ಕೂರುವ ಸದಸ್ಯನಾದೆ.

ಆ ಕ್ಲಬ್ಬಿನ ಕೋಣೆಯಲ್ಲಿ ಒಂದು ಗೌರವದ ಗೋಡೆಯಿತ್ತು. ವಾರ್ಷಿಕ ಸಭೆಯಲ್ಲಿ ಸದಸ್ಯರೆಲ್ಲ ಚರ್ಚಿಸಿ ಒಬ್ಬರ ಫೋಟೋವನ್ನು ಅಲ್ಲಿ ತೂಗುಹಾಕುತ್ತಿದ್ದರು. "ನಂದೊಂದು ಫೋಟೋ ಅಲ್ಲಿ ಬಂದ್ರೆ ಅಣ್ಣನಿಗೆ ತೋರಿಸ್ಲಿಕ್ಕೆ ಉಂಟು," ಎಂದು ಅವನು ನನ್ನ ಹತ್ತಿರ ಒಂದೇ ಸಲ ಹೇಳಿದ್ದ. ಆದರೆ ಪ್ರತಿ ಸಲ ಕೋಣೆಗೆ ಹೋದಾಗಲೂ ಆ ಗೋಡೆಯನ್ನು ನೋಡುತ್ತಿದ್ದ.

ಐದಾರು ವರ್ಷಗಳ ನಂತರ ಒಂದು ವಾರ್ಷಿಕ ಸಭೆಯಲ್ಲಿ ಅವನ ಹೆಸರೂ ಬಂತು. ಎರಡು ಹೆಸರು ಮುಂದಿದ್ದವು. ಎರಡೇ ಋತು ಆಡಿ ಎಲ್ಲರನ್ನೂ ಬೆರಗುಗೊಳಿಸಿದ ಎತ್ತರದ ಹುಡುಗನೊಬ್ಬ. ಚಳಿಯಲ್ಲೂ ಸೋಲಿನಲ್ಲೂ ಬಿಡದೆ ಎಸೆದ ನನ್ನ ಗೆಳೆಯ. ನಮ್ಮ ರೈಲಿನ ಜಗಳವೇ ಜರ್ಮನ್ ಭಾಷೆಯಲ್ಲಿ ನಡೆಯಿತು. ಈ ಸಲ ನಾನೂ ದೀರ್ಘ ಸೇವೆಯ ಪಕ್ಷ. ಹರಕುಮುರುಕು ಜರ್ಮನ್‌ನಲ್ಲೇ ವಾದಿಸಿದೆ. ಕೊನೆಗೆ ಸಭೆ ಇವನ ಕಡೆ ವಾಲಿತು. ಅಧ್ಯಕ್ಷರು ತಿರುಗಿ, ಈ ಗೌರವವನ್ನು ಸ್ವೀಕರಿಸುತ್ತೀರಾ ಎಂದು ಕೇಳಿದರು.

ಇವನು ನಾಚಿ ಅಡ್ಡಡ್ಡ ತಲೆಯಾಡಿಸಿದ. "ಛೆ, ನನಗ್ಯಾಕೆ? ನನಗಿಂತ ಚೆನ್ನಾಗಿ ಎಸೆಯುವವರಿದ್ದಾರೆ. ಅವರಿಗೇ ಕೊಡಿ," ಎಂದು ಜರ್ಮನ್‌ನಲ್ಲಿ ಹೇಳಿದ.

ನಾನು ನಗುತ್ತಿದ್ದೆ. ಹೋಳಿಗೆ ಬಡಿಸುವಾಗ ಎಲೆಗೆ ಕೈ ಅಡ್ಡ ಹಿಡಿಯುವುದಿಲ್ಲವೇ, ಹಾಗೆ. ಬಡಿಸುವವರು ಕೈ ಸರಿಸಿ ಬಡಿಸುತ್ತಾರೆ. ಇವರೂ ಇನ್ನೊಮ್ಮೆ ಒತ್ತಾಯಿಸುತ್ತಾರೆ, ಇವನು ಒಪ್ಪುತ್ತಾನೆ ಎಂದು ಇಬ್ಬರೂ ಕಾದೆವು. ಅಧ್ಯಕ್ಷರು, "ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ," ಎಂದರು. ನಾನು ಜರ್ಮನ್ ಪದ ಹುಡುಕುವಷ್ಟರಲ್ಲಿ ಹುಡುಗನ ಹೆಸರಿಗೆ ಕೈಗಳು ಮೇಲೆದ್ದಿದ್ದವು. ಗೆಳೆಯನೂ ಕೈ ಎತ್ತಿದ.

ಮರುವಾರ ನಾನೇ ಹೋಗಿ ಅಧ್ಯಕ್ಷರಿಗೆ ನಮ್ಮ ಪದ್ಧತಿ ವಿವರಿಸಿದೆ. ಆ ಒಳ್ಳೆಯ ಮನುಷ್ಯ ಕಕ್ಕಾಬಿಕ್ಕಿಯಾದರು. "ಹಾಗಾದರೆ ಅವರು ಅಂದು ಹೇಳಿದ್ದು ಸುಳ್ಳೇ?" ಎಂದು ಕೇಳಿದರು. ಅಲ್ಲ ಎಂದರೆ ತಪ್ಪು, ಹೌದು ಎಂದರೆ ಇನ್ನೂ ತಪ್ಪು. ಬೇಡವೆಂದವರ ಹೆಸರನ್ನು ಮತ್ತೆ ಎತ್ತಿ ಮುಜುಗರಪಡಿಸುವುದು ಅವರಲ್ಲಿ ಇಲ್ಲ. ಆ ಸಭ್ಯತೆಯ ಮೇಲೆ ನನಗೆ ಈಗಲೂ ಸಿಟ್ಟಿದೆ. ನಮ್ಮ ಸಭ್ಯತೆಯ ಮೇಲೆ ಅದಕ್ಕಿಂತ ಹೆಚ್ಚು.

ಆ ಬೇಸಿಗೆಯಲ್ಲಿ ಅವನ ಅಣ್ಣ ಜರ್ಮನಿ ನೋಡಲು ಬಂದರು. ಮೂವರೂ ಮೈದಾನಕ್ಕೆ ಹೋದೆವು. ಕ್ಲಬ್ಬಿನ ಕೋಣೆಯಲ್ಲಿ ಅಣ್ಣ ಕೈ ಹಿಂದೆ ಕಟ್ಟಿಕೊಂಡು ಗೋಡೆಯ ಫೋಟೋಗಳನ್ನು ಒಂದೊಂದಾಗಿ ನೋಡಿದರು.

"ಇಷ್ಟು ವರ್ಷ ಆಡಿದೆ ಅಂತಿ, ನಿಂದೆಲ್ಲಿ ಉಂಟು?"

"ಕೊಡ್ತೇವೆ ಹೇಳಿದ್ರು ಅಣ್ಣ. ನಾನೇ ಬೇಡ ಹೇಳಿದೆ."

ಅಣ್ಣ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ನಿಜ ಅಣ್ಣ, ನಾನು ಅಲ್ಲೇ ಇದ್ದೆ," ಎಂದೆ. ಅವರು ನಕ್ಕು ತಮ್ಮನ ಬೆನ್ನು ತಟ್ಟಿದರು. "ಆಯ್ತು ಮಾರಾಯ, ಹಾಗೇ ಇರ್ಲಿ," ಎಂದರು.