ಸೊಂಟಕ್ಕೆ ಸಿಕ್ಕಿಸಿಕೊಂಡ ಮಿಕ್ಸರ್

ನಮ್ಮ ನಾಣಯ್ಯಣ್ಣನ ಮುಖವನ್ನು ಮದುವೆ ಆಲ್ಬಂಗಳಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಭಾಗಮಂಡಲದಿಂದ ಕರಿಕೆಯವರೆಗೆ ಅವರು ಮೈಕ್ ಹಾಕದ ಮದುವೆಯಿಲ್ಲ, ಆದರೆ ಒಂದು ಫೋಟೊದಲ್ಲೂ ಅವರಿಲ್ಲ. ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಸೌಂಡು ಹೆಚ್ಚುಕಡಿಮೆ ಮಾಡುವ ಮಿಕ್ಸರ್, ಅದರ ಹಿಂದೆ ಒಂದು ಬೋಳುತಲೆ, ಅಷ್ಟೇ ಕಾಣುವುದು. ಶಾಮಿಯಾನ ಹಾಕುವ ನಾನು ಕಂಬ ನೆಟ್ಟು ಮುಗಿಸಿದ ಮೇಲೆ ಉಂಡು, ಕುಣಿದು, ಒಂದು ನಿದ್ದೆಯನ್ನೂ ಹೊಡೆಯುತ್ತೇನೆ. ಅವರು ಮಾತ್ರ ಆ ಮೇಜು ಬಿಟ್ಟು ಕದಲುವ ಹಾಗಿಲ್ಲ. ವಾಲಗದ ಕೆಂಚ ಪೀಪಿಯನ್ನು ಮೇಲಿನ ಸ್ವರಕ್ಕೆ ಏರಿಸಿದನೆಂದರೆ ಸ್ಪೀಕರ್ ಕುಂಯ್ಯೆಂದು ಕಿರುಚುತ್ತದೆ. ಆಗ ಗುಂಡಿಯ ಮೇಲೆ ಬೆರಳು ಇರಲೇಬೇಕು.

ಕೊಡಗಿನಲ್ಲಿ ವಾಲಗ ಕೇಳಿಯೂ ಸುಮ್ಮನೆ ಕೂತವನಿಗೆ ಮೈ ಹುಷಾರಿಲ್ಲವೇ ಎಂದು ಜನ ವಿಚಾರಿಸುತ್ತಾರೆ. ನಾಣಯ್ಯಣ್ಣ ಇಷ್ಟು ವರ್ಷ ಮೇಜಿನ ಅಡಿಯಲ್ಲಿ ಕಾಲು ಮಾತ್ರ ಕುಣಿಸಿಕೊಂಡು ಬಂದವರು. ಆ ಕಾಲುಗಳನ್ನು ನೋಡಿದಾಗಲೆಲ್ಲ ನನಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಈ ಸಲ ಮದುವೆ ಅವರ ತಂಗಿ ಪೊನ್ನಮ್ಮಕ್ಕನ ಮಗನದು. ಹೊಸ ಹೆಣ್ಣು ಗಂಗಾಪೂಜೆ ಮುಗಿಸಿ, ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ಬಾವಿಯಿಂದ ಮನೆಗೆ ಬರುವಾಗ, ಗಂಡಿನ ಕಡೆಯವರು ಎದುರಿಗೆ ಕುಣಿಯುತ್ತಾ ದಾರಿ ಕಟ್ಟುವುದು ಅವರಲ್ಲಿ ಪದ್ಧತಿ. ಸೋದರಮಾವನೇ ಇಲ್ಲದೆ ಎಂಥ ದಾರಿ ಕಟ್ಟುವುದು? ಈ ಅಣ್ಣ ತಂಗಿ ಜಗಳ ಶುರು ಮಾಡುವುದು ಕೊಡವ ತಕ್ಕಿನಲ್ಲಿ. ನನ್ನನ್ನು ಪಂಚಾಯಿತಿಗೆ ಎಳೆಯಬೇಕೆನಿಸಿದಾಗ ಕನ್ನಡಕ್ಕೆ ಹೊರಳುತ್ತಾರೆ.

"ತೀರ್ಥ, ನೀನೇ ಹೇಳು," ಎಂದರು ಪೊನ್ನಮ್ಮಕ್ಕ. "ನನ್ನ ಮದುವೆಲೂ ಇವ ಆ ಮೇಜಿನ ಹಿಂದೆ ಕೂತಿದ್ದ. ಮಗನ ಮದುವೆಲೂ ಹಾಗೇ ಕೂತ್ರೆ ನಾನು ಇನ್ನು ಇವನ ಹತ್ರ ಮಾತಾಡುದಿಲ್ಲ. ಸತ್ಯ ಹೇಳ್ತೇನೆ."

ಹೇಳಿ ಅವರು ಅಣ್ಣನಿಗೆ ಬೆನ್ನು ತಿರುಗಿಸಿ ಕೂತರು. ತಮಾಷೆಯಲ್ಲ ಎಂದು ನಮಗಿಬ್ಬರಿಗೂ ತಿಳಿಯಿತು.

"ಸೌಂಡು ಬೇರೆ ಯಾರಿಗಾದ್ರೂ ಕೊಟ್ರಾಯ್ತಲ್ಲ," ಎಂದೆ ನಾನು.

"ನನ್ನ ಅಳಿಯನ ಮದುವೆಗೆ ಇನ್ನೊಬ್ಬನ ಮೈಕಾ?" ಎಂದು ನಾಣಯ್ಯಣ್ಣ ನೋಡಿದ ನೋಟಕ್ಕೆ ನಾನು ಮುಖವನ್ನು ಕಾಫಿ ಲೋಟದೊಳಗೆ ಇಟ್ಟುಕೊಂಡೆ.

ಕೆಲವೇ ದಿನಗಳಲ್ಲಿ ಮೈಸೂರಿನಿಂದ ಡಿಜಿಟಲ್ ಮಿಕ್ಸರ್ ಬಂತು. ನೋಡಿದರೆ ಗುಂಡಿಯೇ ಇಲ್ಲದ ಒಂದು ಕಪ್ಪು ಡಬ್ಬಿ. ಮೈಕಿನ ವೈರುಗಳನ್ನೆಲ್ಲ ಅದಕ್ಕೆ ಚುಚ್ಚಿ ಪಕ್ಕದಲ್ಲೊಂದು ವೈಫೈ ರೂಟರ್ ಇಟ್ಟರೆ ಮುಗಿಯಿತು, ಗುಂಡಿಗಳೆಲ್ಲ ಟ್ಯಾಬಿನ ಪರದೆಯ ಮೇಲೆ ಬರುತ್ತವೆ. ಟ್ಯಾಬ್ ಹಿಡಿದು ಎಲ್ಲಿ ನಿಂತರೂ ಸೌಂಡು ಕೈಯಲ್ಲೇ. ಇಬ್ಬರು ಹೊರಬೇಕಾಗಿದ್ದ ಕೇಬಲ್ ಸುರುಳಿ ಬೇಡ, ಮೇಜೂ ಬೇಡ. ನಾಣಯ್ಯಣ್ಣ ಕಾಫಿ ಕಣದಲ್ಲಿ ಸ್ಪೀಕರ್ ಇಟ್ಟು, ತೋಟದೊಳಗೆ ಕಿತ್ತಳೆ ಮರದ ಹಿಂದೆ ನಿಂತು ಹಾಡನ್ನು ಜೋರು ಮಾಡಿದರು, ಮೆಲ್ಲಗೆ ಮಾಡಿದರು, ಮತ್ತೆ ಜೋರು ಮಾಡಿದರು. ಮನೆಯ ನಾಯಿ ಸ್ಪೀಕರಿನ ಮೇಲೆ ಬೊಗಳಿ ಸುಸ್ತಾಗಿ ಮಲಗಿತು. ಆಮೇಲೆ ನಾಣಯ್ಯಣ್ಣ ತಾನೊಬ್ಬನೇ ಇದ್ದೇನೆಂದುಕೊಂಡು ಟ್ಯಾಬ್ ಎತ್ತಿ ಹಿಡಿದು ಅಲ್ಲೇ ಒಂದು ಸುತ್ತು ಕುಣಿದರು. ನಾನು ಪಕ್ಕದ ಬೇಲಿಯಿಂದ ನೋಡಿದೆ. ಬಿದ್ದು ಬಿದ್ದು ನಕ್ಕರೂ ಕಣ್ಣಲ್ಲಿ ನೀರು ಬಂತು.

ಮದುವೆಯ ಬೆಳಿಗ್ಗೆ ಕೆಂಚನಿಗೆ ತಂತಿಯಿಲ್ಲದ ಮೈಕ್ ಸಿಕ್ಕಿಸಿ, ಅದೇ ಮೇಲಿನ ಸ್ವರವನ್ನು ಮತ್ತೆ ಮತ್ತೆ ಊದಿಸಿದರು. ಕಿರುಚುವ ಜಾಗ ಎಲ್ಲಿದೆಯೆಂದು ಪರದೆಯಲ್ಲಿ ಹಿಡಿದು, ಅಷ್ಟನ್ನೇ ಕತ್ತರಿಸಿ, ಆ ಸೆಟ್ಟಿಂಗಿಗೆ 'ವಾಲಗ' ಎಂದು ಹೆಸರು ಕೊಟ್ಟು ಡಬ್ಬಿಯಲ್ಲಿ ಉಳಿಸಿದರು.

"ಸಾಕಾ ಅಣ್ಣ?" ಎಂದ ಕೆಂಚ. "ಮದುವೆಗೂ ಸ್ವಲ್ಪ ಉಸಿರು ಇಟ್ಕೊಬೇಕು."

"ವೈಫೈಗೆ ಪಾಸ್‌ವರ್ಡ್ ಹಾಕಿಲ್ವಾ?" ಎಂದು ನಾನು ಕೇಳಿದೆ.

"ನೆಂಟರು ಬರುವ ಮನೆಗೆ ಯಾರಾದ್ರೂ ಬೀಗ ಹಾಕ್ತಾರಾ, ತೀರ್ಥ?"

ಸಂಜೆ ನಾಣಯ್ಯಣ್ಣ ನಿಲುವಂಗಿಯಂಥ ಕಪ್ಪು ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆಯ ಪಟ್ಟಿ ಬಿಗಿದು ಬಂದರು. ಪೀಚೆಕತ್ತಿ ಸಿಕ್ಕಿಸಬೇಕಾದ ಜಾಗದಲ್ಲಿ ಟ್ಯಾಬ್ ಸಿಕ್ಕಿಸಿಕೊಂಡಿದ್ದರು. ಹಿರಿಯರೊಬ್ಬರು ಅದನ್ನು ಕಂಡು ಹುಬ್ಬು ಏರಿಸಿದರು. ಆದರೆ ಅಷ್ಟರಲ್ಲಿ ವಾಲಗ ಶುರುವಾಗಿತ್ತು, ಹುಬ್ಬಿಗೆ ಬೆಲೆ ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಹೊಸ ಹೆಣ್ಣು ಪೂವಮ್ಮ ಬಿಂದಿಗೆ ಹೊತ್ತು ಒಂದು ಹೆಜ್ಜೆ ಮುಂದಿಟ್ಟಳು. ನಾಣಯ್ಯಣ್ಣ ಎರಡೂ ಕೈ ಮೇಲೆತ್ತಿ ಎದುರಿಗೆ ಹಾರಿದರು. ಅಬ್ಬಾ, ಆ ಕುಣಿತ. ಮೇಜಿನಡಿಯಲ್ಲಿ ಕೂಡಿಟ್ಟದ್ದೆಲ್ಲ ಒಂದೇ ಸಲ ಹೊರಗೆ ಬಂತು. ಮಂಡಿ ಒಂದು ಕಡೆ, ಭುಜ ಇನ್ನೊಂದು ಕಡೆ. ಪೊನ್ನಮ್ಮಕ್ಕ ಸೆರಗು ಸಿಕ್ಕಿಸಿ ಅಣ್ಣನ ಪಕ್ಕ ಕುಣಿಯುತ್ತಿದ್ದರು, ಮುಖವೆಲ್ಲ ನಗು. ನಡುನಡುವೆ ನಾಣಯ್ಯಣ್ಣ ಟ್ಯಾಬ್ ಹೊರಗೆಳೆದು, ಬೆರಳಾಡಿಸಿ, ಮತ್ತೆ ಸೊಂಟಕ್ಕೆ ತೂರಿಸುತ್ತಿದ್ದರು.

ಒಮ್ಮೆ ಹಾಗೆ ಹೊರಗೆಳೆದವರ ಕಾಲು ಅಲ್ಲೇ ನಿಂತಿತು. ಪರದೆಯಲ್ಲಿ ಗುಂಡಿಗಳಿರಲಿಲ್ಲ, ಒಂದು ಚಕ್ರ ಸುಮ್ಮನೆ ಸುತ್ತುತ್ತಿತ್ತು.

ಅಷ್ಟು ಹೊತ್ತಿಗೆ ಹೆಣ್ಣಿನ ಚಿಕ್ಕಪ್ಪ ನನ್ನ ಹತ್ತಿರ ಬಂದು, "ನಿಮ್ಮ ನಾಣಯ್ಯ ಸೌಂಡ್ಸ್ ವೈಫೈ ಸಿಕ್ಕಿದೆ ಮಾರಾಯ್ರೆ, ಆದ್ರೆ ವಾಟ್ಸಾಪ್ ಹೋಗ್ತಾ ಇಲ್ಲ," ಎಂದರು. ನನಗೆ ಆಗ ಹೊಳೆಯಿತು. ಆ ಮನೆಯ ಸುತ್ತ ಯಾವ ಫೋನಿಗೂ ಸಿಗ್ನಲ್ ಇಲ್ಲ. ಬೀಗವಿಲ್ಲದ ವೈಫೈ ಕಂಡದ್ದೇ ಮದುವೆಗೆ ಬಂದವರೆಲ್ಲ ಅದಕ್ಕೆ ನುಗ್ಗಿದ್ದಾರೆ. ಅದರಲ್ಲಿ ಇಂಟರ್ನೆಟ್ ಎಂಬುದೇ ಇಲ್ಲವೆಂದು ಅವರಿಗೇನು ಗೊತ್ತು? ನೂಕುನುಗ್ಗಲಿನಲ್ಲಿ ನಾಣಯ್ಯಣ್ಣನ ಟ್ಯಾಬೇ ಹೊರಗೆ ಬಿದ್ದಿತ್ತು.

ಕೆಂಚನ ಪೀಪಿ ಮೇಲೆ ಏರತೊಡಗಿತು. ನಾಣಯ್ಯಣ್ಣ ತಿರುಗಿ, ವೈರನ್ನೇ ಕೀಳಲು ಅಂಗಳದಲ್ಲಿದ್ದ ಡಬ್ಬಿಯ ಕಡೆ ಓಡಹೊರಟರು. ಎದುರಿಗೆ ಪೊನ್ನಮ್ಮಕ್ಕ ಕೈ ಅಗಲಿಸಿ ನಿಂತಿದ್ದರು.

"ಬಿಡು ಪೊನ್ನು, ಈಗ ಕಿರುಚ್ತದೆ."

"ಕಿರುಚ್ಲಿ. ನೀನು ಹೇಗೆ ಹೋಗ್ತಿ, ನೋಡ್ತೇನೆ."

ಅವರು ಎಡಕ್ಕೆ ಸರಿದರೆ ಈಕೆ ಎಡಕ್ಕೆ ಕುಣಿದರು, ಬಲಕ್ಕೆ ಸರಿದರೆ ಬಲಕ್ಕೆ. ಗಂಡಿನ ಕಡೆಯವರೆಲ್ಲ ಹೆಣ್ಣನ್ನು ಬಿಟ್ಟು ಸೋದರಮಾವನ ದಾರಿ ಕಟ್ಟಿದರು. ಬಿಂದಿಗೆ ಹೊತ್ತ ಪೂವಮ್ಮ ನಗು ತಡೆಯಲಾರದೆ ಅಲುಗಿದಳು, ನೀರು ಅವಳ ಮೂಗಿನ ಮೇಲೆ ಇಳಿಯಿತು. ಪೀಪಿ ಆ ಮೇಲಿನ ಸ್ವರ ಮುಟ್ಟಿತು. ನಾಣಯ್ಯಣ್ಣ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಂತರು.

ಸ್ಪೀಕರ್ ಕಿರುಚಲಿಲ್ಲ. ಸ್ವರ ನೆಟ್ಟಗೆ ಏರಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ತಣ್ಣಗೆ ಕೆಳಗಿಳಿಯಿತು. ಟ್ಯಾಬ್ ಕೈಬಿಟ್ಟರೂ ಬೆಳಿಗ್ಗೆ ಉಳಿಸಿಟ್ಟ 'ವಾಲಗ' ಡಬ್ಬಿಯೊಳಗೆ ಹಾಗೇ ಇತ್ತು. ನಾಣಯ್ಯಣ್ಣ ಒಂದು ಕಣ್ಣು ಬಿಟ್ಟರು, ಆಮೇಲೆ ಇನ್ನೊಂದು. ತಾನು ಹಾಕಿದ ಸೌಂಡನ್ನು ನೆಂಟನಾಗಿ ನಿಂತು ಅವರು ಕೇಳಿದ್ದು ಅದೇ ಮೊದಲು. ಟ್ಯಾಬನ್ನು ನನ್ನ ಕೈಗೆ ಎಸೆದರು.

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲವಾಯಿತು. ಬಾವಿಯಿಂದ ಅಂಗಳಕ್ಕೆ ಇರುವುದು ಒಂದಷ್ಟು ಹೆಜ್ಜೆ. ಹೊತ್ತು ಮುಳುಗಿದರೂ ಪೂವಮ್ಮ ಅರ್ಧ ದಾರಿ ದಾಟಿರಲಿಲ್ಲ. ಅಳಿಯ ಸುಸ್ತಾದ, ನೆಂಟರು ಕೂತರು, ಕೆಂಚ ನೀರು ಕುಡಿದು ಮತ್ತೆ ಊದಿದ. ಫೋಟೊದವನಿಗೆ ಕ್ಯಾಮೆರಾ ಎಲ್ಲಿ ತಿರುಗಿಸಿದರೂ ಅದೇ ಬೋಳುತಲೆ. ಕೊನೆಗೆ ಪೊನ್ನಮ್ಮಕ್ಕನೇ ಸೊಂಟ ಹಿಡಿದುಕೊಂಡು ಅಣ್ಣನ ಎದುರು ಬಂದರು.

"ಸಾಕು ಅಣ್ಣ, ಹುಡುಗಿ ಕುತ್ತಿಗೆ ನೋಯ್ತದೆ. ಹೋಗಿ ನಿನ್ನ ಮೇಜಿನ ಹಿಂದೆ ಕೂತ್ಕೊ."

"ಮೇಜು ಮನೇಲೇ ಬಿಟ್ಟು ಬಂದೆ, ಪೊನ್ನು," ಎಂದು ನಾಣಯ್ಯಣ್ಣ ತಂಗಿಯ ಕೈ ಹಿಡಿದು ಮತ್ತೆ ಕುಣಿತಕ್ಕೆ ಎಳೆದರು.