ತೊಳೆದ ದ್ರಾಕ್ಷಿ

ಕೋವಿಡ್ಡಿನ ಆ ವರ್ಷ ನನಗೆ ಸಾಕಾಗಿ ಹೋಗಿತ್ತು. ಏನು ಸಾಕಾಗಿತ್ತು ಎಂದು ಕೇಳಿದರೆ ಪಟ್ಟಿ ಕೊಡಲಾರೆ, ಎಲ್ಲವೂ. ಈ ಪರದೇಶದ ಸ್ಯಾಂಟ್ರಿಯ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ನಾನು ಊಟದ ಮೇಜಿನ ಮೇಲೆ ಆಫೀಸು ಹೂಡಿದ್ದೆ, ನನ್ನ ಗಂಡ ಮಲಗುವ ಕೋಣೆಯಲ್ಲಿ, ಇಸ್ತ್ರಿ ಹಲಗೆಯ ಮೇಲೆ. ಊರಿನ ಆ ತುದಿಯ ಸ್ಯಾಂಡಿಫರ್ಡಿನ ಆಫೀಸಿಗೆ ಹೋಗಿಬರುವುದರಲ್ಲೇ ಇವರ ಅರ್ಧ ದಿನ ಕಳೆಯುತ್ತದೆ ಎಂದು ಹಿಂದೆ ಗೊಣಗುತ್ತಿದ್ದವಳು ನಾನೇ. ಈಗ ಒಂದೇ ಒಂದು ದಿನ ಹೋಗಿಬರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ಅವರು ಕೆಮ್ಮಿದರೆ ಎದೆ ಧಸಕ್ಕೆನ್ನುತ್ತಿತ್ತು, ಮೀಟಿಂಗಿನಲ್ಲಿ ನಕ್ಕರೆ ಮೈಯೆಲ್ಲ ಉರಿಯುತ್ತಿತ್ತು.

ಮನೆಗೆ ಬಂದದ್ದನ್ನೆಲ್ಲ ತೊಳೆಯುವುದು ನನ್ನ ಎರಡನೆಯ ಉದ್ಯೋಗ. ಹಾಲಿನ ಡಬ್ಬಕ್ಕೆ ಸೋಪು, ತರಕಾರಿ ಹಣ್ಣಿಗೆ ಉಪ್ಪು ಅರಿಶಿನದ ನೀರು. ಮೈಸೂರಿನಿಂದ ಅಮ್ಮ ದಿನಾ ಫೋನಿನಲ್ಲಿ ಪರೀಕ್ಷೆ ಮಾಡುತ್ತಿದ್ದರು. "ದ್ರಾಕ್ಷಿ ನೆನೆಸಿಟ್ಟಿದ್ಯೇನೇ? ಸುಮ್ನೆ ನಲ್ಲಿ ಕೆಳಗೆ ಹಿಡಿದ್ರೆ ಆಗಲ್ಲ. ಆ ಬಿಳೀ ಪುಡಿ ಇರತ್ತಲ್ಲ, ಅದೆಲ್ಲಾ ಔಷಧಿ." ಕಾರಿನಲ್ಲಿ ಹೊರಟರೂ ಚೀಲದಲ್ಲಿ ಉಪ್ಪು ಅರಿಶಿನ ಬೆರೆಸಿದ ಒಂದು ಡಬ್ಬಿ. ನಗಬೇಡಿ, ನಿಮ್ಮಲ್ಲಿ ಅರ್ಧ ಜನ ಆಗ ಹೀಗೇ ಇದ್ದಿರಿ.

ಬೇಸಿಗೆಯಲ್ಲಿ ಲಾಕ್‌ಡೌನಿನ ಬಾಗಿಲು ಸ್ವಲ್ಪ ತೆರೆದಾಗ ನನ್ನ ಗಂಡನಿಗೆ ಒಂದು ಹುಚ್ಚು ಹಿಡಿಯಿತು.

"ಮನೇಲೇ ವೈನ್ ಮಾಡೋ ಫ್ಯಾಮಿಲಿಗಳು ಇದಾವಂತೆ ಕಣೇ. ಅಂಗಳದಲ್ಲಿ ಕೂರ್ಸಿ ರುಚಿ ತೋರಿಸ್ತಾರಂತೆ. ಹೊರಗಡೆ ಗಾಳೀಲಿ, ಸೇಫು."

"ರೀ, ನಾನು ಕುಡಿಯಲ್ವಲ್ರೀ."

"ಅದಕ್ಕೇ ನೀನು ಡ್ರೈವ್ ಮಾಡು."

ಹಾಗೆ ನಾಲ್ಕಾರು ಶನಿವಾರ ಅಲೆದೆವು. ಸ್ಟ್ರಾಬೆರಿಯಿಂದ ವೈನ್ ಮಾಡುವ ಗಂಡ ಹೆಂಡತಿ ಒಂದು ಕಡೆ. ಇನ್ನೊಂದು ಕಡೆ ಸೇಬಿನ ತೋಟದ ಅಣ್ಣ ತಮ್ಮ. ಅವರಿಬ್ಬರಿಗೂ ಮಾತು ಬಿಟ್ಟಿತ್ತು, ಹೇಳಬೇಕಾದ್ದನ್ನೆಲ್ಲ ನಮ್ಮ ಕಡೆ ತಿರುಗಿ ಹೇಳಿ ಮುಗಿಸಿದರು. ನನಗೆ ಯಾರ ವೈನೂ ಬೇಕಿರಲಿಲ್ಲ. ಪರದೆಯ ಮೇಲೆ ಇಲ್ಲದ ಮುಖಗಳು ಬೇಕಿತ್ತು, ಅಷ್ಟೇ.

ಆಗಸ್ಟಿನಲ್ಲಿ ಹೋದದ್ದು ನಮ್ಮ ಮನೆಯಿಂದ ಉತ್ತರಕ್ಕೆ, ಸಮುದ್ರದ ಗಾಳಿ ಬಡಿಯುವ ಒಂದು ಇಳಿಜಾರಿಗೆ. ಅಲ್ಲಿ ನಿಜವಾದ ದ್ರಾಕ್ಷಿಯೇ ಇತ್ತು, ಏಳು ಸಾಲು. ಬಟ್ಟೆ ಒಣಗುವುದೇ ಕಷ್ಟವಾದ ಈ ದೇಶದಲ್ಲಿ ದ್ರಾಕ್ಷಿ ಬೆಳೆಯಲು ಹೊರಟ ಪುಣ್ಯಾತ್ಮ ಎಪ್ಪತ್ತು ದಾಟಿದ ಮುದುಕ. ಜೊತೆಗೆ ಅವರ ಹೆಂಡತಿ. ಅವರು ಆಡುವುದು ಇಂಗ್ಲಿಷಾದರೂ ನನ್ನ ನೆನಪಿನಲ್ಲಿ ಎಲ್ಲ ಕನ್ನಡವಾಗಿಯೇ ಕೂತಿದೆ.

ಆ ವಸಂತದಲ್ಲಿ ಮುದುಕರಿಗೆ ಕೋವಿಡ್ ಬಂದು ಆರು ವಾರ ಆಸ್ಪತ್ರೆಯಲ್ಲಿದ್ದರು. ಈಗ ಮೂಗಿಗೆ ನಳಿಗೆ, ಕುರ್ಚಿಯ ಪಕ್ಕದಲ್ಲಿ ಗುಂಯ್‌ಗುಟ್ಟುವ ಆಕ್ಸಿಜನ್ ಯಂತ್ರ. ಆದರೂ ಮಾತಿಗೆ ಬರವಿಲ್ಲ. ಮೂರು ಪದ, ಒಂದು ಉಸಿರು, ಮತ್ತೆ ಮೂರು ಪದ. ಹೆಂಡತಿ ಮಾತಾಡುತ್ತಲೇ ಇರಲಿಲ್ಲ. ಲೋಟ ತಂದರು, ಇಟ್ಟರು, ಒರೆಸಿದರು, ಒಳಗೆ ಹೋದರು.

"ನನ್ನ ವೈನಿಗೆ ನಾನು ಏನೂ ಹಾಕಲ್ಲ" ಎಂದರು ಮುದುಕ. "ಎಲ್ಲರೂ ಯೀಸ್ಟ್ ಪ್ಯಾಕೆಟ್ ತಂದು ಸುರೀತಾರೆ. ನನ್ನದು ತಾನಾಗೇ ಉಕ್ಕತ್ತೆ. ಮೂವತ್ತು ವರ್ಷದಿಂದ ಈ ಮನೆಗೆ ಪ್ಯಾಕೆಟ್ ಬಂದಿಲ್ಲ."

ನಮ್ಮ ದೋಸೆ ಹಿಟ್ಟೂ ಹಾಗೇ ಎಂದೆ. ಅವರಿಗೆ ಬಹಳ ಖುಷಿಯಾಯಿತು, ದೋಸೆ ಹಿಟ್ಟಿನ ಬಗ್ಗೆ ಹತ್ತು ಪ್ರಶ್ನೆ ಕೇಳಿದರು. ಆಮೇಲೆ ಅದೇ ಧಾಟಿಯಲ್ಲಿ, ಶ್ವಾಸಕೋಶ ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ ಎಂದರು. "ಇನ್ನೊಂದೇ ಒಂದು ಸಲ ನನ್ನ ಕ್ರಮದಲ್ಲಿ ಆಗಬೇಕು. ತಾನಾಗೇ ಉಕ್ಕಬೇಕು. ಆಮೇಲೆ ಬಳ್ಳಿ ಕಿತ್ತುಹಾಕಿದ್ರೂ ಗ್ರ್ಯಾಂಡ್, ಏನೂ ಬೇಸರ ಇಲ್ಲ." ಅಕ್ಟೋಬರಿನಲ್ಲಿ ಕೊಯ್ಲಿಗೆ ಬನ್ನಿ ಎಂದು ಕರೆದರು. ಬರುತ್ತೇವೆ ಎಂದೆವು.

ಹೋದೆವು. ನಾವು ತಲುಪುವಷ್ಟರಲ್ಲಿ ಊರಿನವರು ಬಂದು ಮುಕ್ಕಾಲು ಭಾಗ ಕೊಯ್ದು ಹೋಗಿದ್ದರು. ಕೈಗವಸಿಲ್ಲ, ಮಾಸ್ಕು ಗಲ್ಲದ ಕೆಳಗೆ, ದಾರಿಯಲ್ಲಿ ಎದುರಾದಾಗಲೇ ನೋಡಿದ್ದೆ. ಉಳಿದದ್ದನ್ನು ನಾವಿಬ್ಬರೂ ಕೊಯ್ದು ಅಂಗಳದಲ್ಲಿ ಕ್ರೇಟುಗಳನ್ನು ಪೇರಿಸಿಟ್ಟೆವು. ಆಕೆ ಗಂಡನಿಗೆ ಔಷಧಿ ಕೊಟ್ಟು ಮಲಗಿಸಲು ಒಳಗೆ ಹೋದರು. ನಾನು ಆ ಕಪ್ಪು ಗೊಂಚಲುಗಳನ್ನೇ ನೋಡುತ್ತ ನಿಂತೆ. ಹಣ್ಣಿನ ಮೇಲೆಲ್ಲ ಬಿಳಿ ಪುಡಿ. ಯಾರ‍್ಯಾರದೋ ಕೈ ಮುಟ್ಟಿದೆ, ಮೇಲೆ ಔಷಧಿ ಬೇರೆ, ಇದನ್ನು ಆ ಮನುಷ್ಯ ನಾಳೆ ಮೂಸಿ, ಮುಟ್ಟಿ, ಬಾಯಿಗೆ ಹಾಕಿಕೊಳ್ಳುತ್ತಾರೆ. ಉಳಿದಿರುವುದೇ ಅರ್ಧ ಶ್ವಾಸಕೋಶ.

"ರೀ, ಆ ತೊಟ್ಟಿಗೆ ನೀರು ಬಿಡಿ."

"ಯಾಕೇ, ಅವರನ್ನ ಒಂದು ಮಾತು ಕೇಳು."

"ತೊಳೆಯೋದಕ್ಕೆ ಕೇಳೋದೇನ್ರೀ? ಪಾಪ, ಆಯಮ್ಮ ಒಬ್ಬರೇ ಎಷ್ಟು ಅಂತ ಮಾಡ್ತಾರೆ!"

ಚೀಲದಲ್ಲಿದ್ದ ಉಪ್ಪು ಅರಿಶಿನದ ಡಬ್ಬಿ ಖಾಲಿಯಾಯಿತು. ಕ್ರೇಟಿನ ಮೇಲೆ ಕ್ರೇಟು ಅದ್ದಿ, ಉಜ್ಜಿ, ಪೈಪು ಹಿಡಿದು ಮೂರು ಸಲ ಜಾಲಿಸಿದೆವು. ಎರಡು ಗಂಟೆ ಹಿಡಿಯಿತು, ಸೊಂಟ ಬಿದ್ದುಹೋಯಿತು. ಆದರೆ ಹಣ್ಣು ಫಳಫಳ ಹೊಳೆಯುತ್ತಿತ್ತು. ಎಷ್ಟೋ ತಿಂಗಳ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿ ನನ್ನ ಕಣ್ಣಲ್ಲಿ ನೀರೇ ಬಂತು.

ಆಕೆ ಹೊರಗೆ ಬಂದವರು ಬಾಗಿಲಲ್ಲೇ ನಿಂತರು.

"ತೊಳೆದೆಯಾ?"

"ಎಲ್ಲಾ ತೊಳೆದಾಯ್ತು. ಉಪ್ಪು, ಅರಿಶಿನ ಹಾಕಿ ತೊಳೆದಿದ್ದೀನಿ. ಇನ್ನು ಅವರು ಮುಟ್ಟಿದ್ರೂ ಭಯ ಇಲ್ಲ."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಗೊಂಚಲು ಎತ್ತಿ ಹೆಬ್ಬೆರಳಿನಿಂದ ಸವರಿ ನೋಡಿ, ಮೆಲ್ಲಗೆ ಹೇಳಿದರು. ಅವರ ಬಳ್ಳಿಗೆ ಔಷಧಿ ಹೊಡೆಯುವುದೇ ಇಲ್ಲವಂತೆ, ಆ ಬಿಳಿ ಪುಡಿ ಹಣ್ಣಿನದೇ ಅಂತೆ. ವೈನನ್ನು ಉಕ್ಕಿಸುವುದು ಆ ಸಿಪ್ಪೆಯ ಮೇಲೆ ತಾನಾಗಿ ಬಂದು ಕೂರುವ ಯೀಸ್ಟಿನ ಜೀವವಂತೆ. ಅದನ್ನೇ ನಾನು ಕೂತು ಉಜ್ಜಿ ಉಜ್ಜಿ ಚರಂಡಿಗೆ ಬಿಟ್ಟಿದ್ದೆ. ಅಯ್ಯೋ, ನನ್ನ ಬುದ್ಧಿಗಿಷ್ಟು! ದೋಸೆ ಹಿಟ್ಟಿಗೆ ಯೀಸ್ಟ್ ಹಾಕುವವರನ್ನು ಕಂಡರೆ ಮೂಗು ಮುರಿಯುವವಳು ನಾನು.

"ಈಗಲೇ ಒಳಗೆ ಹೋಗಿ ಅವರಿಗೆ ಹೇಳ್ತೀನಿ" ಎಂದೆ.

"ಬೇಡ. ಅವನು ನಿದ್ದೆ ಮಾಡ್ತಿದ್ದಾನೆ. ತೊಳೆದಿದ್ದರೂ ಒಂದೊಂದು ಸಲ ಆದರೂ ಆಗತ್ತೆ."

ಆಗಲಿಲ್ಲ. ಹಣ್ಣನ್ನು ತುಳಿದು ಡ್ರಮ್ಮಿಗೆ ತುಂಬಿ ಏಳು ದಿನವಾದರೂ ಒಂದು ಗುಳ್ಳೆ ಏಳಲಿಲ್ಲ. ಮುದುಕ ಕುರ್ಚಿಯನ್ನು ಡ್ರಮ್ಮಿನ ಪಕ್ಕಕ್ಕೆ ಎಳೆಸಿಕೊಂಡು, ಆಗಾಗ ಯಂತ್ರ ನಿಲ್ಲಿಸಿ, ಕಿವಿಯಿಟ್ಟು ಕೇಳುತ್ತಿದ್ದರಂತೆ. ಊಟ ಬಿಟ್ಟರಂತೆ. ತಮ್ಮ ಕೈಯಲ್ಲೇ ಏನೋ ಕೆಟ್ಟಿದೆ, ಕಾಯಿಲೆ ಅದನ್ನೂ ತಗೊಂಡು ಹೋಯಿತು ಎಂದು ಅತ್ತರಂತೆ. ಇದನ್ನೆಲ್ಲ ಆಕೆ ಫೋನಿನಲ್ಲಿ ಹೇಳಿದರು. ಅಷ್ಟರಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ ಎಂಬ ನಿಯಮ ಮತ್ತೆ ಬಂದಿತ್ತು, ಹೋಗಿ ಕಾಲಿಗೆ ಬೀಳುವ ಹಾಗೂ ಇರಲಿಲ್ಲ.

ಎಂಟನೆಯ ದಿನ ಆಕೆಯದೇ ಕರೆ. "ಪ್ಯಾಕೆಟ್ ತರಿಸಿದೆ. ಅವನು ಮಧ್ಯಾಹ್ನ ಮಲಗಿದಾಗ ಹಾಕಿದೆ. ನೀನು ಬಾಯಿ ಬಿಡಬೇಡ."

ಮರುದಿನ ಮುದುಕರೇ ಫೋನ್ ಮಾಡಿದರು. ದನಿಯಲ್ಲಿ ಹುಡುಗನ ಉತ್ಸಾಹ. "ಶುರುವಾಯ್ತು! ಕೇಳ್ತಾ ಇದೆಯಾ? ತಾನಾಗೇ!" ಫೋನನ್ನು ಡ್ರಮ್ಮಿಗೆ ಹಿಡಿದರು. ಸಣ್ಣಗೆ ಸುಂಯ್ ಎನ್ನುವ ಸದ್ದು. ಗ್ರ್ಯಾಂಡ್, ಗ್ರ್ಯಾಂಡ್ ಎಂದೆ. ಫೋನ್ ಇಟ್ಟ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಆ ಚಳಿಗಾಲವಿಡೀ ಅವರು ವಾರಕ್ಕೊಮ್ಮೆ ವೈನಿನ ಸುದ್ದಿ ಹೇಳಲು ಫೋನ್ ಮಾಡುತ್ತಿದ್ದರು. ನಾನು ಸುಳ್ಳಿನ ಮೇಲೆ ಸುಳ್ಳು ಪೋಣಿಸುತ್ತಿದ್ದೆ. ಕೆಲಸ, ಅಡುಗೆ, ಊರಿನ ಸುದ್ದಿ, ಯಾರ ಆಮ್ಲಜನಕ ಎಷ್ಟು ಎಂಬ ಮೆಸೇಜು, ಇದರ ಮೇಲೆ ಇದೊಂದು. ದಣಿವು ಎಂದರೆ ಏನೆಂದು ನನಗೆ ಗೊತ್ತಾದದ್ದು ಆಗ.

ನಿಯಮ ಸಡಿಲವಾದ ಮೊದಲ ಭಾನುವಾರ ರುಚಿ ನೋಡಲು ಕರೆದರು. ಅದೇ ಅಂಗಳ. ನಾವು ಎರಡು ಮೀಟರ್ ದೂರದ ಬೆಂಚಿನಲ್ಲಿ. ಮುದುಕರು ಅರ್ಧಕ್ಕರ್ಧ ಇಳಿದುಹೋಗಿದ್ದರು, ನಳಿಗೆ ಈಗ ಒಂದು ಕ್ಷಣವೂ ತೆಗೆಯುವಂತಿಲ್ಲ. ಹೆಂಡತಿ ಲೋಟಕ್ಕೆ ಸುರಿದು ಕೊಟ್ಟರು. ಮುದುಕರು ಮೂಸಿದರು. ಒಂದು ಗುಟುಕು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡು ನುಂಗಿದರು.

"ಇದು ನನ್ನದಲ್ಲ" ಎಂದರು.

ಆಕೆ ನನ್ನ ಕಡೆ ನೋಡಿದರು, ಸುಮ್ಮನಿರು ಎಂಬಂತೆ. ಆಗಲಿಲ್ಲ ನನ್ನ ಕೈಲಿ. "ನಾನು ದ್ರಾಕ್ಷಿ ತೊಳೆದುಬಿಟ್ಟೆ" ಎಂದೆ. "ನಿಮಗೆ ಏನಾದರೂ ಆಗತ್ತೆ ಅಂತ ಹೆದರಿ ತೊಳೆದೆ. ನಿಮ್ಮ ಕೈಯಲ್ಲಿ ಏನೂ ಕೆಟ್ಟಿರಲಿಲ್ಲ. ಕೆಡಿಸಿದ್ದು ನಾನು."

ಅವರು ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು. "ಹಾಗಾದ್ರೆ ಉಕ್ಕಿದ್ದು ಹೇಗೆ?"

"ಪ್ಯಾಕೆಟ್" ಎಂದರು ಆಕೆ.

ಯಂತ್ರ ಗುಂಯ್‌ಗುಡುತ್ತಿತ್ತು. ನನ್ನ ಗಂಡ ನೆಲ ನೋಡುತ್ತಿದ್ದರು. ಮುದುಕರು ಕೈ ಚಾಚಿ ಲೋಟವನ್ನು ಹುಲ್ಲಿನ ಮೇಲೆ ಓರೆ ಮಾಡಿದರು.

"ಚೆಲ್ಲಬೇಡ" ಎಂದರು ಆಕೆ. ಆ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಮೂವತ್ತು ವರ್ಷ ನಿನ್ನ ಪೀಪಾಯಿ ತೊಳೆದಿದ್ದೀನಿ. ಈ ಸಲ ಬಳ್ಳಿ ಸವರಿದ್ದು ನಾನು. ತುಳಿದಿದ್ದು ನಾನು. ದಿನಾ ಎರಡು ಹೊತ್ತು ಕಲಕಿದ್ದು ನಾನು, ಹಿಂಡಿದ್ದು ನಾನು. ಬೆಳಗ್ಗೆ ಎದ್ದರೆ ನೀನು ಉಸಿರಾಡ್ತಾ ಇದ್ದೀಯೋ ಇಲ್ವೋ ಅಂತ ಮೊದಲು ನೋಡಿ, ಆಮೇಲೆ ಡ್ರಮ್ ನೋಡೋಕೆ ಹೋಗ್ತಿದ್ದೆ. ನಿನ್ನದಲ್ಲ ಅಂತ ನೀನೇ ಹೇಳಿದ್ಯಲ್ಲ. ಸರಿಯಾಗೇ ಹೇಳಿದೆ. ಇದು ನಂದು. ಕುಡಿ."

ಅವರ ಕೈ ಹಾಗೇ ನಿಂತಿತು. ಒಂದೆರಡು ಹನಿ ಹುಲ್ಲಿಗೆ ಬಿದ್ದಿತ್ತು. ಆಮೇಲೆ ಲೋಟವನ್ನು ನೆಟ್ಟಗೆ ಮಾಡಿಕೊಂಡು ಕುಡಿಯತೊಡಗಿದರು. ಒಂದು ಗುಟುಕು, ಒಂದು ಉಸಿರು, ಮತ್ತೆ ಒಂದು ಗುಟುಕು. ಪೂರ್ತಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ನಾವು ಯಾರೂ ಏಳಲಿಲ್ಲ.

ಮುಗಿದ ಮೇಲೆ ಖಾಲಿ ಲೋಟವನ್ನು ಹೆಂಡತಿಯ ಕಡೆ ಚಾಚಿದರು.

"ಹೇಗೆ ಮಾಡಿದೆ, ಹೇಳು" ಎಂದರು.