ಅಪ್ಪ ನಮ್ಮನ್ನು ಬಿಟ್ಟುಹೋದದ್ದು

ನನ್ನ ಅಪ್ಪ ಅಡುಗೆಯವನು. ಮೀಸೆ ಮೂಡುವ ಮೊದಲೇ ಉಡುಪಿಯ ಕಡೆಯಿಂದ ಕೋಲ್ಕತಾಕ್ಕೆ ಬಂದು, ಕಂಡವರ ಹೋಟೆಲಿನಲ್ಲಿ ದೋಸೆ ಹುಯ್ದು, ಕೊನೆಗೆ ಸಿಯಾಲ್ದಾದ ಒಂದು ಗಲ್ಲಿಯಲ್ಲಿ ನಾಲ್ಕು ಬೆಂಚಿನ ಸ್ವಂತ ಹೋಟೆಲು ಇಟ್ಟಿದ್ದ. ಲಾಕ್‌ಡೌನಿನಲ್ಲಿ ಮುಚ್ಚಿದ ಅದರ ಬಾಗಿಲು ಮತ್ತೆ ತೆರೆಯಲಿಲ್ಲ. ಆಮೇಲೆ ನ್ಯೂ ಟೌನಿನ ಫ್ಲ್ಯಾಟುಗಳಲ್ಲಿ ಗೃಹಪ್ರವೇಶ, ನಾಮಕರಣ ಅಂತ ಯಾರಾದರೂ ಕರೆದರೆ ಹೋಗಿ ಅಡುಗೆ ಮಾಡಿ ಬರುತ್ತಿದ್ದ. ಕರೆಯದ ತಿಂಗಳು ಮನೆಯಲ್ಲಿ ಕೂತು ನಮಗೇ ಬಡಿಸುತ್ತಿದ್ದ. ಅವನಿಗೆ ಒಂದು ಚಟವಿತ್ತು, ಕುಡಿತಕ್ಕಿಂತ ದುಬಾರಿಯ ಚಟ. ನಮ್ಮ ಹೊಸ್ತಿಲು ದಾಟಿದವರು ಯಾರೇ ಆಗಲಿ, ತಿನ್ನದೆ ಹೊರಗೆ ಹೋಗುವಂತಿರಲಿಲ್ಲ. ಕರೆಂಟಿನ ಮೀಟರು ನೋಡಲು ಬಂದವನಿಗೂ ಉಪ್ಪಿಟ್ಟು, ಬಾಡಿಗೆ ಕೇಳಿ ಬೈಯಲು ಬಂದ ಮನೆ ಮಾಲೀಕನಿಗೂ ಉಪ್ಪಿಟ್ಟು. ಅಮ್ಮ ಒಳಗಿನಿಂದ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅನ್ನುತ್ತಿದ್ದಳು. ಅನ್ನುತ್ತಲೇ ಬಾಣಲೆಗೆ ಸಾಸಿವೆ ಹಾಕುತ್ತಿದ್ದಳು.

ಅಮ್ಮನಿಗೆ ಹೃದಯದ ಕಾಯಿಲೆ. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರ ಹೋಗುವಾಗ ಎದೆಯೊಳಗಿನ ಒಂದು ಕವಾಟವನ್ನು ಕೆಡಿಸಿ ಹೋಗಿತ್ತಂತೆ. ಅದು ಗೊತ್ತಾದದ್ದು ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ. ನಮ್ಮದು ಮೂರನೆಯ ಮಹಡಿಯ ಒಂದೂವರೆ ಕೋಣೆ. ಅಮ್ಮ ತರಕಾರಿ ತಂದವಳು ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಯಾರಾದರೂ ನೋಡಿದರೆ ಚೀಲದಲ್ಲಿ ಏನೋ ಹುಡುಕುವವಳ ಹಾಗೆ ಕೈಯಾಡಿಸುತ್ತಿದ್ದಳು. ಕವಾಟ ಬದಲಿಸಬೇಕು, ತಡ ಮಾಡಬಾರದು ಅಂದರು ಡಾಕ್ಟರು. ಖರ್ಚು ಕೇಳಿ ಅಪ್ಪ ನಕ್ಕ. ಅಳಬೇಕಾದಲ್ಲಿ ನಗುವುದು ಅವನ ಇನ್ನೊಂದು ಚಟ.

ಸರ್ಕಾರದ ಆರೋಗ್ಯ ಕಾರ್ಡು ನಮಗಿರಲಿಲ್ಲ. ನಮ್ಮ ಹೆಸರೆಲ್ಲ ಊರಿನಲ್ಲಿ ದೊಡ್ಡಪ್ಪನ ರೇಷನ್ ಕಾರ್ಡಿನಲ್ಲಿತ್ತು. "ಇವತ್ತಲ್ಲ ನಾಳೆ ವಾಪಸ್ ಹೋಗುವವರೇ ಅಲ್ವಾ, ಹೆಸರು ಎಂತಕ್ಕೆ ತೆಗೆಸುದು?" ಅಂತ ಅಪ್ಪ ನಾನು ಹುಟ್ಟಿದಾಗಿನಿಂದ ಹೇಳಿಕೊಂಡೇ ಬಂದಿದ್ದ. ಹಾಗಾಗಿ ಅಲ್ಲಿಯವರ ಪಾಲಿಗೆ ನಾವು ಊರಲ್ಲಿಲ್ಲದವರು, ಇಲ್ಲಿಯವರ ಪಾಲಿಗೆ ಊರಿನವರೇ ಅಲ್ಲ. ಕೆಳಗಿನ ಮನೆಯ ಬಂಗಾಳಿ ಮಾಶಿಮಾ ಒಂದು ದಾರಿ ಹೇಳಿದರು. ಸಾಲ್ಟ್ ಲೇಕಿನ ಕಡೆ ಒಂದು ಧರ್ಮದ ಆಸ್ಪತ್ರೆಯಿದೆ, ತೀರಾ ಕಷ್ಟದಲ್ಲಿರುವವರಿಗೆ ಅಲ್ಲಿ ಪೂರ್ತಿ ಉಚಿತವಾಗಿ ಆಪರೇಷನ್ ಮಾಡುತ್ತಾರೆ, ಅರ್ಜಿ ಹಾಕಿದರೆ ಮನೆಗೆ ಬಂದು ವಿಚಾರಿಸುತ್ತಾರೆ ಅಂತ. ನಾನೂ ಅಮ್ಮನೂ ಹೋಗಿ ಅರ್ಜಿ ಹಾಕಿ ಬಂದೆವು.

ವಿಚಾರಣೆಗೆ ಬಂದವರು ವಯಸ್ಸಾದ ಒಬ್ಬ ಗೃಹಸ್ಥರು. ನಡು ಮಧ್ಯಾಹ್ನ, ಬಿಸಿಲು ಸುಡುತ್ತಿತ್ತು. ಅವರು ಬರುವ ದಿನ ಮೊದಲೇ ತಿಳಿದಿತ್ತಲ್ಲ, ಅಪ್ಪ ನಸುಕಿಗೇ ಎದ್ದು ಮಾರ್ಕೆಟ್ಟಿಗೆ ಹೋಗಿ ಬಂದಿದ್ದ. ಬಾಳೆಎಲೆ ಬಂತು, ತೆಂಗಿನಕಾಯಿ ಬಂತು. ಗೋಡಂಬಿ ಹಿಂದಿನ ವಾರದ ಗೃಹಪ್ರವೇಶದಲ್ಲಿ ಮಿಕ್ಕಿದ್ದು, ತುಪ್ಪ ಮಾಶಿಮಾರಿಂದ ಕಡ ತಂದದ್ದು. ನಾನು ತಡೆಯಲು ನೋಡಿದೆ. "ಅಪ್ಪ, ಅವರು ನಮ್ಮ ಬಡತನ ನೋಡಲಿಕ್ಕೆ ಬರ್ತಿರುದು."

"ನೋಡ್ಲಿ. ಬೇಡ ಅಂದವರ್ಯಾರು? ಮನೆಗೆ ಬಂದವರನ್ನು ಬರೀ ಹೊಟ್ಟೆಯಲ್ಲಿ ಕಳಿಸುದುಂಟಾ?"

ಆ ಗೃಹಸ್ಥರು ಮೊದಲು "ನಾ, ನಾ" ಅಂದರು, ಬೇಡ ಬೇಡ ಅಂತ. ನಿಯಮವಿಲ್ಲ ಅಂದರು. ಅಪ್ಪನ ಮುಂದೆ ಯಾರ ನಿಯಮ ನಡೆದೀತು? ಎಲೆ ಹಾಕಿಯೇಬಿಟ್ಟ. ಕೋಸಂಬರಿ, ಪಲ್ಯ, ಸಾರು, ಸೌತೆಕಾಯಿ ಹುಳಿ, ಬಿಸಿ ಅನ್ನದ ಮೇಲೆ ತುಪ್ಪ. ಕಡ ತಂದ ತುಪ್ಪವನ್ನು ಹುಟ್ಟೂರಿನ ಬಾವಿಯಿಂದ ಸೇದಿದ ನೀರಿನ ಹಾಗೆ ಸುರಿದ. ಅವರು ಪಾಯಸವನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು. "ದಾದಾ, ಇಂಥ ಪಾಯೇಶ್ ಜೀವನದಲ್ಲೇ ತಿಂದಿಲ್ಲ" ಅಂತ ಬಂಗಾಳಿಯಲ್ಲಿ ಹೇಳಿದರು. ಅಮ್ಮ ಮಾತ್ರ ಗೋಡೆಗೊರಗಿ ಉಸಿರೆಳೆದುಕೊಳ್ಳುತ್ತ ಕೂತಿದ್ದಳು. ಅವರು ಅವಳ ಕಡೆ ನೋಡಿದ್ದು ಕಡಿಮೆ.

ಹದಿನೈದು ದಿನಕ್ಕೆ ಉತ್ತರ ಬಂತು. ಕುಟುಂಬ ಅನುಕೂಲಸ್ಥವಾಗಿದೆ, ದುಡಿಯುವ ಗಂಡಸು ಮನೆಯಲ್ಲಿದ್ದಾನೆ, ಖರ್ಚಿನಲ್ಲಿ ಅಲ್ಪ ರಿಯಾಯಿತಿ ಕೊಡಬಹುದು ಅಷ್ಟೆ. ನನಗೆ ಮೈಯೆಲ್ಲ ಉರಿಯಿತು. ಉಂಡ ಮನೆಗೆ ಎರಡು ಬಗೆದ ಮುದುಕ ಅಂತ ಬಾಯಿಗೆ ಬಂದಂತೆ ಬೈದೆ. ಅಪ್ಪ ಅದಕ್ಕೂ ಬಿಡಲಿಲ್ಲ. "ಅವರದ್ದೆಂತ ತಪ್ಪು? ಕಂಡದ್ದನ್ನು ಬರೆದ್ರು" ಅಂದ. ಆಮೇಲೆ ಒಲೆಯ ಮುಂದೆ ಹೋಗಿ ಬೆನ್ನು ಹಾಕಿ ನಿಂತ. ಒಲೆ ಹಚ್ಚಿರಲಿಲ್ಲ. ಆ ಪಾಯಸದ ಸಿಟ್ಟನ್ನು ನಾನು ತುಂಬಾ ದಿನ ಹಿಡಿದುಕೊಂಡಿದ್ದೆ, ಅವನು ಬಡಿಸಿದ್ದನ್ನು ತಿನ್ನುತ್ತಲೇ ಹಿಡಿದುಕೊಂಡಿದ್ದೆ.

ರಿಯಾಯಿತಿ ಕಳೆದು ಮಿಕ್ಕ ಹಣವಾದರೂ ನಮ್ಮಿಂದಾಗುವಂಥದ್ದಲ್ಲ. ಕೇಳಬಹುದಾದವರನ್ನೆಲ್ಲ ಅಪ್ಪ ಕೇಳಿದ. ಕನ್ನಡದವರು ಒಂದಿಷ್ಟು ಕೊಟ್ಟರು, ಅದು ಔಷಧಿಗೇ ಹೋಯಿತು. ದುರ್ಗಾಪೂಜೆಯ ದಿನಗಳು ಬಂದವು, ಹೋದವು. ಬೀದಿಯಲ್ಲಿ ಢಾಕ್ ಡೋಲು ಬಾರಿಸುತ್ತಿದ್ದರೆ ಅಮ್ಮ ಎದೆಗೆ ಕೈಯಿಟ್ಟುಕೊಂಡು ಕಿಟಕಿ ಮುಚ್ಚಿಸುತ್ತಿದ್ದಳು. ಚಳಿ ಶುರುವಾಗುವ ಹೊತ್ತಿಗೆ ಅವಳ ಕಾಲು ಊದಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಿದ್ದಳು. ಅಪ್ಪ ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ.

ಆಸ್ಪತ್ರೆಯವರು ಮತ್ತೊಮ್ಮೆ ಅರ್ಜಿ ಹಾಕಲು ಬಿಟ್ಟರು. ಮತ್ತೆ ವಿಚಾರಣೆಯ ದಿನ ಗೊತ್ತಾಯಿತು. ಈ ಸಲ ಅಮ್ಮ ಬೆಳಿಗ್ಗೆಯೇ ಅಪ್ಪನಿಗೆ ಅಂಗಿ ಹಾಕಿಸಿದಳು. "ನೀವು ಸಂಜೆವರೆಗೆ ಹೊರಗಿರಿ. ಮನೆಯಲ್ಲಿದ್ರೆ ಮತ್ತೆ ಪಾಯಸ ಇಡ್ತೀರಿ" ಅಂದಳು. ಅಪ್ಪ ನಕ್ಕು, ಚಪ್ಪಲಿ ಮೆಟ್ಟಿ ಹೋದ.

ಬಂದವಳು ನನಗಿಂತ ನಾಲ್ಕೈದು ವರ್ಷ ದೊಡ್ಡವಳಾದ ಒಬ್ಬಳು ಹುಡುಗಿ. ನೆಲದ ಮೇಲೇ ಕೂತಳು, ಅಮ್ಮನ ಊದಿದ ಕಾಲನ್ನು ಮುಟ್ಟಿ ನೋಡಿದಳು. ಎಷ್ಟು ಬಾಡಿಗೆ, ಯಾರು ದುಡಿಯುತ್ತಾರೆ, ನಾನು ಏನು ಓದುತ್ತೇನೆ ಅಂತೆಲ್ಲ ಕೇಳಿ, ಕೊನೆಗೆ ಮೆಲ್ಲನೆ, "ಆಪ್ನಾರ್ ಶಾಮಿ?" ಅಂದಳು. ನಿಮ್ಮ ಗಂಡ?

ಅಮ್ಮ ಬಾಗಿಲ ಕಡೆ ನೋಡಿದಳು. ಅವಳಿಗೆ ಬರುವ ಬಂಗಾಳಿಯೆಲ್ಲ ಮೀನಿನಂಗಡಿಯ ಪಕ್ಕದ ತರಕಾರಿಯವಳಿಂದ ಕಲಿತದ್ದು, ಚೌಕಾಸಿಗೆ ಸಾಕಾಗುವಷ್ಟು. ಆ ಬಂಗಾಳಿಯಲ್ಲೇ ಹೇಳಿದಳು, "ಛೇಡೆ ಚೋಲೆ ಗೇಛೆ." ಬಿಟ್ಟು ಹೋಗಿದ್ದಾನೆ.

ಗೋಡೆಯ ಮೊಳೆಯಲ್ಲಿ ಅಪ್ಪನ ಇನ್ನೊಂದು ಅಂಗಿ ನೇತಾಡುತ್ತಿತ್ತು. ಹುಡುಗಿ ಅದನ್ನು ನೋಡಿದಳೋ ಇಲ್ಲವೋ, ನೋಡಿ ಸುಮ್ಮನಾದಳೋ, ನನಗೆ ಇವತ್ತಿಗೂ ತಿಳಿಯದು. ಬರೆದುಕೊಂಡಳು. ಅಮ್ಮನ ಕೊರಳಲ್ಲಿ ಕರಿಮಣಿಯಿತ್ತು, ಕಾಲಲ್ಲಿ ಉಂಗುರವಿತ್ತು. ಶಂಖದ ಬಳೆ, ಬೈತಲೆಯ ಸಿಂಧೂರ ನೋಡಿ ಮುತ್ತೈದೆಯನ್ನು ಗುರುತಿಸುವ ಊರಿನಲ್ಲಿ ಕರಿಮಣಿಯನ್ನು ಯಾರು ಕೇಳುತ್ತಾರೆ? ಅದು ಬರೀ ಒಂದು ಸರ. ಅಮ್ಮ ಅದನ್ನು ಸೆರಗಿನೊಳಗೆ ಸೇರಿಸುವ ಗೋಜಿಗೂ ಹೋಗಲಿಲ್ಲ.

ಸಂಜೆ ಅಪ್ಪ ಬಂದ. ಕೈಕಾಲು ತೊಳೆದು, "ಎಂತ ಬರೆಸಿದೆ?" ಅಂತ ಕೇಳಿದ. ಅಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು. ಹೇಳುವಾಗ ಅವನ ಮುಖ ನೋಡಲಿಲ್ಲ. ಅಪ್ಪ ಟವೆಲಿನಲ್ಲಿ ಮುಖ ಒರೆಸಿದ, ಮತ್ತೆ ಒರೆಸಿದ.

"ಎಲ್ಲಿಗೆ ಹೋದೆ ಅಂತ ಹೇಳಿದೆ?"

"ಗೊತ್ತಿಲ್ಲ ಅಂದೆ."

"ಊರಿಗಾದ್ರೂ ಕಳಿಸ್ಬಹುದಿತ್ತಲ್ಲ ಮಾರಾಯ್ತಿ. ಊರು ನೋಡದೆ ಎಷ್ಟು ವರ್ಷ ಆಯ್ತು ನಾನು."

ಅಮ್ಮ ನಕ್ಕಳು. ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮುತ್ತಲೇ ಅತ್ತಳು. ನಾನು ಅಳಲಿಲ್ಲ. ಬಡತನ ಇದ್ದರೆ ಸಾಲದು, ಅದಕ್ಕೊಂದು ವೇಷವೂ ಬೇಕು, ಆ ವೇಷಕ್ಕೆ ನನ್ನ ಅಪ್ಪನನ್ನೇ ಬಲಿ ಕೊಡಬೇಕು ಅಂತ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಪೂರ್ತಿ ಸಹಾಯ ಮಂಜೂರಾಯಿತು. ಅಮ್ಮನನ್ನು ಸೇರಿಸಿದ ದಿನ ಅಪ್ಪ ನಮ್ಮ ಜೊತೆ ಟ್ಯಾಕ್ಸಿಯಲ್ಲಿ ಬರಲಿಲ್ಲ, ಹಿಂದಿನಿಂದ ಬಸ್ಸಿನಲ್ಲಿ ಬಂದ. ವಾರ್ಡಿನಲ್ಲಿ ನರ್ಸು ಅವನು ಯಾರೆಂದು ಕೇಳಿದಾಗ ನಾನು, "ಪಾಡಾರ್ ಕಾಕು" ಅಂದೆ. ನಮ್ಮ ಬೀದಿಯ ಚಿಕ್ಕಪ್ಪ. ಒಪ್ಪಿಗೆಯ ಸಹಿಯನ್ನೂ ನಾನೇ ಹಾಕಿದೆ, ಗಂಡ ಇಲ್ಲವಲ್ಲ. ಸಂಜೆಯ ಭೇಟಿಯ ಹೊತ್ತಿಗೆ ಅಪ್ಪ ಮಂಚದಿಂದ ಎರಡು ಮಾರು ದೂರ, ಕೈಕಟ್ಟಿಕೊಂಡು, ಪರರ ಮನೆಯ ಹೆಂಗಸಿನ ಎದುರು ನಿಂತ ಹಾಗೆ ನಿಲ್ಲುತ್ತಿದ್ದ. ಮುಖ ಮಾತ್ರ ಬೀದಿಯವನದು, ಮಾತು ಗಂಡನದು. ಇಡೀ ವಾರ್ಡಿನಲ್ಲಿ ಕನ್ನಡ ಬಲ್ಲವರು ನಾವು ಮೂವರೇ.

"ರಾತ್ರಿ ನಿದ್ದೆ ಬಂತಾ?" ಅಂತ ಬಿಗಿದ ಮುಖದಲ್ಲಿ ಕೇಳುತ್ತಿದ್ದ.

"ನಿಮ್ಮ ಗೊರಕೆ ಇಲ್ಲದೆ ಎಲ್ಲಿಂದ ಬರ್ಬೇಕು?"

"ಮನೆಗೆ ಬಾ, ಬಡ್ಡಿ ಸೇರಿಸಿ ಹೊಡೀತೇನೆ."

"ಮೆಲ್ಲ. ಆ ನರ್ಸು ನೋಡ್ತಿದ್ದಾಳೆ."

"ನೋಡ್ಲಿ. ನಾನೀಗ ಬೀನ್ಸಿನ ರೇಟು ಹೇಳ್ತಿರುದು ಅಂತ ಎಣಿಸ್ತಾಳೆ."

ಅಮ್ಮ ನಗು ತಡೆಯಲು ಹೊದಿಕೆಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಆ ವಾರ ಅವರಿಬ್ಬರೂ ಇದ್ದಷ್ಟು ಖುಷಿಯಾಗಿ ನಾನು ಅವರನ್ನು ಹಿಂದೆ ನೋಡಿರಲಿಲ್ಲ. ಒಂದೇ ಒಂದು ಸಲ, ವಾರ್ಡು ಖಾಲಿಯಿದ್ದಾಗ, ಅಪ್ಪ ಬೇಗ ಬೇಗ ಬಂದು ಅವಳ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು, ಊತ ಇಳಿದಿದೆಯಾ ಅಂತ ಒತ್ತಿ ನೋಡಿ, ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತ.

ಆಪರೇಷನ್ ಚೆನ್ನಾಗಿಯೇ ಆಯಿತು. ಹೃದಯ ಮಾತ್ರ ಆ ಹೊತ್ತಿಗೆ ಬಹಳ ದಣಿದಿತ್ತಂತೆ. "ಇನ್ನೂ ಸ್ವಲ್ಪ ಮೊದಲೇ ಆಗಿದ್ದರೆ" ಅಂತ ಡಾಕ್ಟರು ನನಗೆ ಹೇಳಿದರು. ಬೀದಿಯ ಚಿಕ್ಕಪ್ಪ ಪಕ್ಕದಲ್ಲೇ ಗೋಡೆ ನೋಡುತ್ತ ನಿಂತಿದ್ದ. ಅವನಿಗೆ ಇಂಗ್ಲಿಷ್ ಅಷ್ಟು ಬಾರದು, ಆದರೆ ಅಷ್ಟು ತಿಳಿಯಲು ಇಂಗ್ಲಿಷ್ ಬೇಕಿರಲಿಲ್ಲ. ಅವನು ಹಾಗೆ ನಿಂತದ್ದು ನೋಡಿ ನನ್ನ ಹೊಟ್ಟೆಯಲ್ಲಿದ್ದ ಪಾಯಸದ ಸಿಟ್ಟು ಆಗಲೇ ಇಳಿದುಹೋಯಿತು. ಅಪ್ಪ ಅವತ್ತು ಊಟ ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಮ್ಮ ಹೋದಳು.

ನಮ್ಮನ್ನು ಒಳಗೆ ಬಿಟ್ಟರು. ಅವಳ ಮುಖದಿಂದ ಕೊಳವೆಗಳನ್ನೆಲ್ಲ ತೆಗೆದಿದ್ದರು. ಎಷ್ಟೋ ತಿಂಗಳ ಮೇಲೆ ಅಮ್ಮ ಉದ್ದಕ್ಕೆ, ಬೆನ್ನ ಮೇಲೆ ಮಲಗಿದ್ದಳು. ಅಪ್ಪ ಕಾಲ ಕಡೆ ನಿಂತ. ನಾನು ತಲೆಯ ಕಡೆ ನಿಂತು ಅವಳ ಕೂದಲು ಸರಿ ಮಾಡುತ್ತಿದ್ದೆ. ಆಗ ಒಬ್ಬಳು ಆಯಾ ಬಕೆಟ್ಟು, ಬಟ್ಟೆ ಹಿಡಿದು ಬಂದಳು. ಮೈ ಒರೆಸಿ ಸೀರೆ ಸುತ್ತಬೇಕಿತ್ತು. ಒಳ್ಳೆಯ ಹೆಂಗಸು, ದನಿಯೂ ಮೆತ್ತಗಿತ್ತು. ಪರದೆ ಎಳೆಯುತ್ತ, ಮನೆಯವರು ಮಾತ್ರ ಇರಿ, ಉಳಿದವರು ಹೊರಗೆ ಹೋಗಿ ಅಂದಳು.

ಅಪ್ಪ ತಲೆಯಾಡಿಸಿ ಹೊರಗೆ ಹೋದ.

ನಾನು ಹಿಂದೆಯೇ ಓಡಿದೆ. ಅವನು ಕಾರಿಡಾರಿನಲ್ಲಿ, ಬೇರೆಯವರ ನೆಂಟರ ನಡುವೆ ನಿಂತಿದ್ದ. ಅವನ ತೋಳು ಹಿಡಿದು ಅಲ್ಲಾಡಿಸಿದೆ. ಎಲ್ಲ ಮುಗಿದಿತ್ತು, ಇನ್ನು ಯಾರೂ ಏನನ್ನೂ ಕಿತ್ತುಕೊಳ್ಳುವಂತಿರಲಿಲ್ಲ. "ಹೇಳಿಬಿಡು ಅಪ್ಪ. ನಾನವಳ ಗಂಡ ಅಂತ ಹೇಳು. ಒಳಗೆ ಬಾ."

ಅಪ್ಪ ನನ್ನ ಕೈಯನ್ನು ಮೆಲ್ಲನೆ ಬಿಡಿಸಿದ.

"ಹೇಳಿದ್ರೆ ನಿನ್ನ ಅಮ್ಮ ಸುಳ್ಳು ಹೇಳಿದ ಹಾಗೆ ಆಗ್ತದೆ ಮಗಾ" ಅಂದ. "ನೀನು ಹೋಗು. ಒಳಗೆ ಅವಳೊಬ್ಬಳೇ ಇದ್ದಾಳೆ."